ಫ್ಯಾನಿನ ಸದ್ದಿಗಿಂತ ಒಂದು ಎಳೆ ಜೋರು: ಅದಲುಬದಲಿನಲ್ಲಿ ಬಂದ ಸೆಮಿ ಹಾಲೋ ಗಿಟಾರ್

ಈ ಸೆಮಿ ಹಾಲೋ, ಅಂದರೆ ಅರೆ ಪೊಳ್ಳು ಮೈಯ, ಗಿಟಾರನ್ನು ನಾನು ಹೆಚ್ಚಾಗಿ ನುಡಿಸುವುದು ದನಿ ಹೆಚ್ಚಿಸುವ ಆಂಪ್‌ಗೆ ಸಿಕ್ಕಿಸದೆ. ಎಲೆಕ್ಟ್ರಿಕ್ ಗಿಟಾರ್ ತಗೊಂಡು ವೈರೇ ಹಾಕದೆ ನುಡಿಸುವುದು ಯಾವ ಚೆಂದ ಅಂತ ಕೇಳುವವರು ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಗೆ ಬಂದು ನಮ್ಮ ಪಡಸಾಲೆಯಲ್ಲಿ ಒಂದು ರಾತ್ರಿ ಮಲಗಬೇಕು.

ತೋರಣಗಲ್ಲಿನ ಕಾರ್ಖಾನೆಯಲ್ಲಿ ನನ್ನದು ಶಿಫ್ಟ್ ಕೆಲಸ. ಸೆಕೆಂಡ್ ಶಿಫ್ಟ್ ಮುಗಿಸಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಹನ್ನೊಂದು ದಾಟಿರುತ್ತದೆ. ಮೈಮೇಲಿನ ಕೆಂಪು ಧೂಳು ತೊಳೆದು, ಮುಚ್ಚಿಟ್ಟ ರೊಟ್ಟಿ ಪಲ್ಯ ತಿಂದು, ಕೈ ಚೆನ್ನಾಗಿ ಒರೆಸಿಕೊಂಡು (ಎಣ್ಣೆಗೈಯಲ್ಲಿ ತಂತಿ ಮುಟ್ಟಿದರೆ ವಾರದಲ್ಲೇ ಕಿಲುಬು) ಪಡಸಾಲೆಯ ಮಂಚದ ತುದಿಯಲ್ಲಿ ಕೂರುತ್ತೇನೆ. ಒಳಗೆ ಅಮ್ಮ, ಹೆಂಡತಿ, ಮಗಳು ಮಲಗಿರುತ್ತಾರೆ. ಎಲ್ಲ ಕೋಣೆಯಲ್ಲೂ ಫ್ಯಾನ್ ಐದರಲ್ಲಿ. ಹಳೆಯ ಸಾಲಿಡ್ ಬಾಡಿ (ಪೊಳ್ಳಿಲ್ಲದ ಗಟ್ಟಿ ಮರದ) ಗಿಟಾರನ್ನು ಹೀಗೇ ನುಡಿಸಲು ಹೋದರೆ ಫ್ಯಾನಿನ ಸದ್ದೇ ಗೆಲ್ಲುತ್ತಿತ್ತು, ಬೆರಳು ಆಡುವುದು ಕಾಣಿಸುತ್ತಿತ್ತು, ಸ್ವರ ಕೇಳಿಸುತ್ತಿರಲಿಲ್ಲ. ಪೂರ್ತಿ ಪೊಳ್ಳು ಮೈಯ ಅಕೂಸ್ಟಿಕ್ ತೆಗೆದರೆ ಮೊದಲ ಮೀಟಿಗೇ ಮಗಳು ಎದ್ದು ಕೂರುತ್ತಾಳೆ. ಸೆಮಿ ಹಾಲೋ ಇವೆರಡರ ನಡುವೆ ನಿಂತಿದೆ. ಪೊಳ್ಳು ಹೊಟ್ಟೆಯಿಂದ ಬರುವ ದನಿ ಫ್ಯಾನಿಗಿಂತ ಒಂದು ಎಳೆ ಜೋರು, ಬಾಗಿಲು ದಾಟುವಷ್ಟು ಜೋರಲ್ಲ. ಯಾವ ವಿಮರ್ಶೆಯಲ್ಲೂ ಈ ಗುಣದ ಬಗ್ಗೆ ಒಂದು ಸಾಲೂ ನಾನು ಓದಿರಲಿಲ್ಲ. ಎಲ್ಲರೂ ತಂತಿಯ ಕಂಪನ ಹಿಡಿದು ಆಂಪಿಗೆ ಕಳಿಸುವ ಪಿಕಪ್ ಬಗ್ಗೆಯೇ ಬರೆಯುತ್ತಾರೆ.

ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. 1958ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಹೊರತಂದ ಇಎಸ್-335 ಅನ್ನು ನೋಡಿ ಮಾಡಿದ ಅಗ್ಗದ ಮಾದರಿಗಳಲ್ಲಿ ಒಂದು ಅಂದುಕೊಳ್ಳಿ: ನಡುವೆ ಮರದ ದಿಮ್ಮಿ, ಎರಡೂ ಪಕ್ಕ ಪೊಳ್ಳು, ಮೇಲೆ ಎರಡು ಎಫ್ ಆಕಾರದ ತೂತು. ‘ಇದು ಪ್ಲೈವುಡ್ ಕಣಪ್ಪ’ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಲಕ್ಷಗಟ್ಟಲೆ ಕೊಟ್ಟು ತರುವ ಅಸಲಿ 335ರ ಮೈ ಕೂಡ ಪದರ ಪದರ ಅಂಟಿಸಿದ ಹಲಗೆಯೇ.

ಕೈಯಿಂದ ಕಾಸು ಬಿಚ್ಚಲಿಲ್ಲ. ನನ್ನ ಹಳೆಯ ಸಾಲಿಡ್ ಬಾಡಿ, ಅಂದರೆ ಫೆಂಡರ್ ಸ್ಟ್ರಾಟೋಕಾಸ್ಟರ್ ನೋಡಿ ಮಾಡಿದ ಸ್ಟ್ರಾಟ್ ಮಾದರಿಯ ಗಿಟಾರ್ ಮತ್ತು ದನಿಯ ಬಣ್ಣ ಬದಲಿಸುವ ಒಂದು ಎಫೆಕ್ಟ್ ಪೆಡಲ್ ಕೊಟ್ಟೆ, ಇದನ್ನು ತಗೊಂಡೆ. ಕೊಟ್ಟವನು ಹೊಸಪೇಟೆಯ ಹುಡುಗ, ಮದುವೆ ರಸಮಂಜರಿಗಳಲ್ಲಿ ನುಡಿಸುವವನು. ತೋರಣಗಲ್ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ವ್ಯವಹಾರ. ‘ಚಲೋ ಐತಿ, ಯಾಕೆ ಕೊಡ್ತೀಯಪ್ಪಾ?’ ಅಂದೆ. ‘ಅಣ್ಣಾ, ದೊಡ್ಡ ಸ್ಪೀಕರ್ ಮುಂದೆ ನಿಂತ್ರೆ ಸಾಕು, ಊಳಿಡಾಕ ಶುರು ಮಾಡ್ತತಿ’ ಅಂದ. ನಿಜ. ಸ್ಪೀಕರಿನ ದನಿಗೆ ಪೊಳ್ಳು ಮೈ ನಡುಗಿ, ಆ ನಡುಕ ಮತ್ತೆ ಸ್ಪೀಕರಿಗೇ ಹೋಗಿ ಊಳಾಗುತ್ತದೆ. ನಡುವಿನ ದಿಮ್ಮಿ ಇರುವುದೇ ಆ ಊಳನ್ನು ತಗ್ಗಿಸಲು, ಆದರೂ ಪೂರ್ತಿ ನಿಲ್ಲುವುದಿಲ್ಲ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅಂಥವರೇ ಎಫ್ ತೂತಿನೊಳಗೆ ಬಟ್ಟೆ ತುರುಕಿಕೊಂಡು ನುಡಿಸಿದ್ದಾರೆ. 1980ರಲ್ಲಿ ಅವರಿಗಾಗಿ ಗಿಬ್ಸನ್ ಮಾಡಿದ ‘ಲೂಸಿಲ್’ ಗಿಟಾರಿಗೆ ಆ ತೂತುಗಳೇ ಇಲ್ಲ. ನನಗೆ ವೇದಿಕೆ ಹತ್ತುವ ಯೋಗವಿಲ್ಲ, ಅವನ ತೊಂದರೆ ನನ್ನದಾಗುವ ಪ್ರಶ್ನೆಯೂ ಇಲ್ಲ.

ಜೊತೆಗೆ ಒಯ್ದಿದ್ದ ಹೆಡ್‌ಫೋನ್ ಆಂಪ್ ಸಿಕ್ಕಿಸಿದಾಗ ಜಾಕ್ (ಗಿಟಾರಿನಲ್ಲಿ ಕೇಬಲ್ ಸಿಕ್ಕಿಸುವ ಜಾಗ) ಕರಕರ ಅಂತಿತ್ತು. ‘ಕೇಬಲ್ ಸರಿ ಇರಂಗಿಲ್ಲಣ್ಣ’ ಅಂದ. ಕೇಬಲ್ ನನ್ನದು, ಅದರ ಆರೋಗ್ಯ ನನಗೆ ಗೊತ್ತು. ಅದನ್ನೇ ಹಿಡಿದು ಚೌಕಾಸಿ ಮಾಡಿ ಗಟ್ಟಿ ಕೇಸನ್ನೂ ಕೊಡಿಸಿಕೊಂಡೆ. ಹದಿನಾರು ಇಂಚು ಅಗಲದ ಈ ಮೈ ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನ ಚೀಲದೊಳಗೆ ಹೋಗುವುದಿಲ್ಲ, ಬಳ್ಳಾರಿಯ ಅಂಗಡಿಗಳಲ್ಲಿ ಇದರ ಕೇಸ್ ನಾನು ಕಂಡಿಲ್ಲ.

ಇಲ್ಲಿಯವರೆಗೆ ಎಲ್ಲ ಹೊಗಳಿಕೆ ಆಯಿತು. ಈಗ ಆ ಜಾಕಿನ ಕಥೆ.

ಮೊದಲ ಮಳೆಗಾಲದಲ್ಲಿ ಜಾಕಿನ ನಟ್ಟು ಸಡಿಲಾಗಿ, ಒಳಗೆ ಜಾಕ್ ತಿರುಗಿ ತಿರುಗಿ ವೈರು ಬೆಸುಗೆಯಿಂದ ಕಿತ್ತುಬಂತು. ಬೇರೆ ಗಿಟಾರಿನಲ್ಲಾದರೆ ಇದು ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಕೌಲ್ ಬಜಾರಿನಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವರೊಬ್ಬರ ಹತ್ತಿರ ಒಯ್ದೆ. ಅವರು ಸ್ಕ್ರೂಡ್ರೈವರ್ ಹಿಡಿದು ಗಿಟಾರನ್ನು ಮಗುಚಿದರು, ಮತ್ತೆ ಮುಂದೆ ತಿರುಗಿಸಿದರು, ಮತ್ತೆ ಮಗುಚಿದರು. ‘ಇದ್ಕೆ ಹಿಂದ ಮುಚ್ಚಳಾನ ಇಲ್ಲಲ್ರೀ ಸರ, ಹೆಂಗ ಬಿಚ್ಲಿ?’

ಇದೇ ಇದರ ದೊಡ್ಡ ಕೊರತೆ, ಹೆಚ್ಚಿನ 335 ಮಾದರಿಗಳ ಕೊರತೆ. ವಾಲ್ಯೂಮ್ ಪಾಟ್, ಟೋನ್ ಪಾಟ್ (ತಿರುಗಿಸುವ ಗುಂಡಿಗಳ ಕೆಳಗಿನ ಬಿಡಿಭಾಗಗಳು), ಜಾಕ್ ಎಲ್ಲ ಹೊಟ್ಟೆಯೊಳಗೆ. ಒಳಗೆ ಹಾಕುವ ದಾರಿಯೂ ಹೊರಗೆ ತೆಗೆಯುವ ದಾರಿಯೂ ಅದೇ ಎಫ್ ತೂತು. ಕೊನೆಗೆ ಮನೆಯಲ್ಲೇ ಕೂತು ಮಾಡಿದೆ. ತಂತಿ ಸಡಿಲಿಸಿದ ಕೂಡಲೇ ಅವನ್ನು ಹೊತ್ತ ಬ್ರಿಡ್ಜ್ ಕಳಚಿ ಬರುತ್ತದೆ, ಅದು ಬಿದ್ದು ಮೈ ಕೆರೆಯದ ಹಾಗೆ ಮೊದಲೇ ಟೇಪು ಹಾಕಿರಬೇಕು. ಗುಂಡಿ ಕಿತ್ತು, ನಟ್ಟು ಬಿಚ್ಚಿ, ಪಾಟಿನ ಕಡ್ಡಿಗೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಪೂರ ಪ್ಲಾಸ್ಟಿಕ್ ಪೈಪನ್ನು ಬಿಗಿಯಾಗಿ ತೊಡಿಸಿ, ಆಮೇಲೆ ಪಾಟನ್ನು ಒಳಕ್ಕೆ ಬಿಡಬೇಕು. ಪೈಪಿನ ಇನ್ನೊಂದು ತುದಿ ಹೊರಗೇ ಇರುತ್ತದೆ. ವಾಪಸ್ ಎಳೆಯುವಾಗ ಅದೇ ದಾರಿ ತೋರಿಸುತ್ತದೆ. ಜಾಕಿನ ತೂತಿಗೂ ಅದೇ ಪೈಪು ಸರಿಹೋಯಿತು. ಅಗ್ಗದ ಗಿಟಾರ್ ನೋಡಿ, ಒಳಗಿನ ವೈರು ಅಳೆದು ಸುರಿದು ಕೊಟ್ಟಿದ್ದಾರೆ. ಜಾಕ್ ಒಂದನ್ನೇ ಎಳೆದರೆ ಬರಲೊಲ್ಲದು, ಬೆನ್ನಿಗೆ ಒಂದು ಪಾಟೂ ಬರಬೇಕು. ಬೆಸುಗೆ ಹಾಕಿದ್ದು ಐದು ನಿಮಿಷ, ಅದನ್ನು ಮತ್ತೆ ಅದರ ತೂತಿಗೆ ಕೂರಿಸಿದ್ದು ಮಧ್ಯಾಹ್ನವೆಲ್ಲ. ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ಹಿಡಿದು ಕೈ ಬದಲಿಸುತ್ತಿದ್ದಳು. ಅಮ್ಮ ಅಡುಗೆಮನೆಯಿಂದ ಬಂದು ನೋಡಿ, ‘ಕೊಡ ಬಾವಿಗೆ ಬಿದ್ದಂಗೈತಿ, ಪಾತಾಳಗರಡಿ ತಂದುಕೊಡ್ಲೇನಪ್ಪಾ?’ ಅಂದಳು.

ಅದರ ಮೇಲೆ ಧೂಳು. ನಮ್ಮೂರ ಧೂಳು ಗೊತ್ತಲ್ಲ, ಮುಚ್ಚಿದ ಬೀರುವಿನೊಳಗೂ ಹೋಗುತ್ತದೆ. ಇಲ್ಲಿ ಎರಡು ಬಾಗಿಲು ತೆರೆದೇ ಇಟ್ಟಿದ್ದಾರೆ. ವಾಲ್ಯೂಮ್ ತಿರುಗಿಸಿದರೆ ಕರಕರ. ತೂತಿನಿಂದ ಸಪೂರ ನಳಿಕೆ ತೂರಿಸಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸ್ವಲ್ಪ ದಿನ ಸುಮ್ಮನಿರುತ್ತದೆ. ಈಗ ನುಡಿಸಿ ಆದಮೇಲೆ ಕೇಸಿನಲ್ಲೇ ಇಡುತ್ತೇನೆ, ಗೋಡೆಗೆ ನೇತುಹಾಕುವ ಆಸೆ ಬಿಟ್ಟೆ.

ಬೇಸಿಗೆಯಲ್ಲಿ ಇನ್ನೊಂದು ತಕರಾರು. ನಲವತ್ತು ಡಿಗ್ರಿ ದಾಟಿ ಗಾಳಿ ಒಣಗಿದಾಗ ಫ್ರೆಟ್‌ಬೋರ್ಡಿನ ಮರ ಸೊರಗುತ್ತದೆ, ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ, ಅಂದರೆ ಫ್ರೆಟ್, ಸೊರಗುವುದಿಲ್ಲ. ಅದರ ತುದಿಗಳು ಹೊರಗೆ ಇಣುಕಿ ಎಡಗೈ ಜಾರಿಸುವಾಗ ತರಚುತ್ತವೆ. ಕತ್ತಿನ ಅಂಚಿಗೆ ಟೇಪು ಹಚ್ಚಿ ಸಣ್ಣ ಅರದಿಂದ ಉಜ್ಜಿದೆ, ಮರುವರ್ಷ ಆ ಕಾಟ ಬರಲಿಲ್ಲ. ಇದು ಈ ಗಿಟಾರಿನ ತಪ್ಪು ಅನ್ನಲಾರೆ. ಬಳ್ಳಾರಿಗೆ ಬರುವ ಯಾವ ಗಿಟಾರಿಗೂ ಈ ದೀಕ್ಷೆ ತಪ್ಪಿದ್ದಲ್ಲ.

ನುಡಿಸುವ ಸುಖದ ಬಗ್ಗೆ ತಕರಾರಿಲ್ಲ. ನನ್ನ ಹಳೆಯದಕ್ಕಿಂತ ಇದರ ಸ್ಕೇಲ್ (ನುಡಿಯುವ ತಂತಿಯ ಉದ್ದ) ಮುಕ್ಕಾಲು ಇಂಚು ಗಿಡ್ಡ, ಹಾಗಾಗಿ ಅದೇ ದಪ್ಪದ ತಂತಿ ಇಲ್ಲಿ ಮೆತ್ತಗಿರುತ್ತದೆ. ತತ್ವಪದಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವ ಜಾಗಗಳು ಹಳೆಯದರಲ್ಲಿ ಬೆರಳು ನೋಯಿಸುತ್ತಿದ್ದವು, ಇದರಲ್ಲಿ ಕೇಳಿದ ಹಾಗೆ ಬಗ್ಗುತ್ತವೆ. ಭಾನುವಾರ ಆಂಪ್‌ಗೆ ಹಾಕಿದಾಗ ಕತ್ತಿನ ಹತ್ತಿರದ ಪಿಕಪ್ ಇಟ್ಟು ಟೋನ್ ಅರ್ಧ ಇಳಿಸುತ್ತೇನೆ, ಅಷ್ಟೇ ನನ್ನ ಸೆಟ್ಟಿಂಗು. ಪೆಡಲ್ ಕೊಟ್ಟಿದ್ದಕ್ಕೆ ಬೇಜಾರಾಗಿಲ್ಲ.

ಇಂಥದ್ದನ್ನು ಅದಲುಬದಲು ಮಾಡಲು ಹೊರಟವರು ಮೊಬೈಲ್ ಟಾರ್ಚ್ ಹಚ್ಚಿ ಎಫ್ ತೂತಿನೊಳಗೆ ಇಣುಕಿ. ಪಕ್ಕದಲ್ಲಿ ಮರದ ಗೋಡೆ ಕಂಡರೆ ಸೆಮಿ ಹಾಲೋ. ಬೆಳಕು ಆಚೆ ತೂತಿನವರೆಗೆ ಹಾದರೆ ಒಳಗೆ ದಿಮ್ಮಿಯೇ ಇಲ್ಲ, ಅದು ಇನ್ನೂ ಬೇಗ ಊಳಿಡುತ್ತದೆ. ಎಲ್ಲ ಗುಂಡಿ ತಿರುಗಿಸಿ, ಎಲ್ಲ ಸ್ವಿಚ್ ಹಾಕಿ, ಜಾಕನ್ನು ಸಿಕ್ಕಿಸಿದ ಮೇಲೆ ಅಲ್ಲಾಡಿಸಿ ನೋಡಿ. ವಾರಕ್ಕೊಮ್ಮೆ ಕಾರ್ಯಕ್ರಮ ಇರುವವರು, ವೈರಿಂಗ್ ಕೆಟ್ಟರೆ ಮರುದಿನ ಬೆಂಗಳೂರಿಗೆ ಕಳಿಸಲಾಗದವರು ಸಾಲಿಡ್ ಬಾಡಿಗೇ ಹೋಗಿ. ಹೊಸಪೇಟೆಯ ಹುಡುಗ ನನ್ನ ಸ್ಟ್ರಾಟ್ ಹಿಡಿದು ಊರೂರು ಸುತ್ತುತ್ತಿದ್ದಾನೆ, ಅವನಿಗೂ ನಷ್ಟವಾಗಿಲ್ಲ.

ಮೊನ್ನೆಯಿಂದ ಒಂದು ಟೋನ್ ಪಾಟ್ ಮತ್ತೆ ಕರಕರ ಶುರು ಮಾಡಿದೆ. ಕ್ಲೀನರಿಗೂ ಬಗ್ಗುತ್ತಿಲ್ಲ, ಬದಲಿಸಲೇಬೇಕು. ದೀಪಾವಳಿ ರಜೆಯವರೆಗೆ ಅದನ್ನು ಮುಟ್ಟುವುದಿಲ್ಲ. ರಾತ್ರಿ ನುಡಿಸುವವನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.