ನೋಡುತ್ತ ನಿಂತವರಿಗೂ ಒಂದು ಪಾಠ: ಪ್ರೌಢಶಾಲೆಯ ಕಾರ್ಯಾಗಾರವೊಂದರ ವಿಮರ್ಶೆ

ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನಲ್ಲಿ ನನ್ನ ಮಗಳು ಒಂಬತ್ತನೇ ತರಗತಿ ಓದುತ್ತಿರುವ ಪ್ರೌಢಶಾಲೆಯಲ್ಲಿ, ವಿದ್ಯಾರ್ಥಿಗಳು ಪರಸ್ಪರ ಪೀಡಿಸುವುದನ್ನು ತಡೆಯುವ ಕುರಿತು ಹೊರಗಿನ ಸ್ವಯಂಸೇವಾ ಸಂಸ್ಥೆಯೊಂದು ಜನವರಿಯಲ್ಲಿ ಎರಡು ದಿನಗಳ ಕಾರ್ಯಾಗಾರ ನಡೆಸಿತು. ಎರಡನೆಯ ದಿನ ಪೋಷಕರಿಗೂ ಆಹ್ವಾನವಿದ್ದುದರಿಂದ ಹಿಂದಿನ ಬೆಂಚಿನಲ್ಲಿ ಕುಳಿತು ಪೂರ್ತಿ ನೋಡಿದೆ. ಇಂಥದ್ದನ್ನು ತಮ್ಮ ಶಾಲೆಗೂ ಕರೆಸಬೇಕೆಂದಿರುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಕೀಟಲೆ, ರೇಗಿಸುವುದು, ಗೋಳುಹೊಯ್ದುಕೊಳ್ಳುವುದು ಎಂಬ ಮಾತುಗಳನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ದೂರು ಬಂದಾಗ 'ಹುಡುಗಾಟ ಬಿಡಿ' ಎಂದು ಕೈತೊಳೆದುಕೊಳ್ಳಲು ಈ ಗೊಂದಲ ಅನುಕೂಲವೂ ಹೌದು. ತರಬೇತುದಾರರು ಈ ಮಾತುಗಳನ್ನು ಹಲಗೆಯ ಮೇಲೆ ಬರೆದು, ಬೇಕೆಂದೇ ನೋಯಿಸುವುದು, ಅದು ಮತ್ತೆ ಮತ್ತೆ ನಡೆಯುವುದು, ಎದುರಿಸಿ ನಿಲ್ಲುವ ಬಲ ನೊಂದವನಿಗೆ ಇಲ್ಲದಿರುವುದು, ಈ ಮೂರೂ ಸೇರಿದರೆ ಅದು ಹುಡುಗಾಟವಲ್ಲ ಎಂದು ಬಿಡಿಸಿ ಹೇಳಿದರು. ಈ ಮೂರು ಗುರುತುಗಳನ್ನು ಗೊತ್ತುಮಾಡಿದವರು ಡಾನ್ ಓಲ್ವೇಯಸ್ ಎಂಬ ಸಂಶೋಧಕರು. 1982ರಲ್ಲಿ ನಾರ್ವೆಯಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡ ಮೇಲೆ, 1983ರಲ್ಲಿ ಆ ದೇಶದ ಶಾಲೆಗಳಲ್ಲೆಲ್ಲ ಆರಂಭವಾದ ಅಭಿಯಾನಕ್ಕೆ ಅವರ ಅಧ್ಯಯನವೇ ಬುನಾದಿಯಾಯಿತು.

ಕಾರ್ಯಾಗಾರದ ಅತ್ಯುತ್ತಮ ಭಾಗವೆಂದರೆ ಒಂದು ಪುಟ್ಟ ಅಭಿನಯ. ಕಾಫಿ ತೋಟದ ಲೈನ್ ಮನೆಯಿಂದ (ಕೂಲಿಕಾರರ ಸಾಲುಮನೆಯಿಂದ) ಬರುವ, ಕನ್ನಡ ಇನ್ನೂ ತೊದಲುವ ಹುಡುಗನ ಬುತ್ತಿ ಡಬ್ಬಿಯನ್ನು ಇಬ್ಬರು ಕಿತ್ತು ಒಬ್ಬರಿಂದೊಬ್ಬರಿಗೆ ಎಸೆದಾಡುತ್ತಾರೆ. ಡಬ್ಬಿ ಕೆಳಗೆ ಬಿದ್ದು ಮುಚ್ಚಳ ಉರುಳಿಕೊಂಡು ಹೋಯಿತು. ತರಬೇತುದಾರರು ಎಸೆದವರನ್ನು ಏನೂ ಕೇಳದೆ, ಸುತ್ತ ನಿಂತವರ ಕಡೆ ತಿರುಗಿ 'ನೀವು ಆಗ ಏನು ಮಾಡುತ್ತಿದ್ದಿರಿ?' ಎಂದರು. ಬಹಳ ಹೊತ್ತಿನ ಮೇಲೆ ಒಬ್ಬ ಹುಡುಗ 'ನಗ್ತಾ ಇದ್ವಿ, ಮೇಡಂ' ಎಂದ. ಜಗಳಕ್ಕೆ ಹೋಗಬೇಕಿಲ್ಲ, ನಗದಿದ್ದರೆ ಸಾಕು, 'ಬಾ, ಬಸ್ಸು ಬಂತು' ಎಂದು ಕೈ ಹಿಡಿದು ಕರೆದೊಯ್ದರೂ ಸಾಕು ಎಂದು ಆಮೇಲೆ ಅದನ್ನೇ ಮೂರು ಸಲ ಅಭ್ಯಾಸ ಮಾಡಿಸಿದರು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ಶಾಲೆಗಳಲ್ಲಿ ಪೀಡನೆ ತಡೆಯಲು ರೂಪಿಸಿದ ಕಿವಾ ಕಾರ್ಯಕ್ರಮವೂ ನೋಡುತ್ತ ನಿಲ್ಲುವವರನ್ನೇ ಮುಖ್ಯವಾಗಿ ಗಮನಿಸುತ್ತದೆ. ಆದರೆ ನಮ್ಮ ಮಕ್ಕಳಿಗೆ ವಿಷಯ ತಟ್ಟಿದ್ದು ಆ ಬಸ್ಸಿನ ಮಾತಿನಿಂದ.

ಇನ್ನು ಕೊರತೆಗಳು. ಪರದೆಯ ಮೇಲೆ ತೋರಿಸಿದ ಚಿತ್ರಗಳೆಲ್ಲ ಯಾವುದೋ ನಗರದ ಶಾಲೆಯ ಆಟದ ಮೈದಾನದ್ದು. ಇಲ್ಲಿಯ ಮಕ್ಕಳಿಗೆ ಕಾಟ ಹೆಚ್ಚಾಗಿರುವುದು ಸಂಜೆಯ ಬಸ್ಸಿನ ಹಿಂದಿನ ಸೀಟಿನಲ್ಲಿ, ಬಸ್ಸಿಳಿದ ಮೇಲೆ ತೋಟದ ನಡುವಿನ ನಿರ್ಜನ ದಾರಿಯಲ್ಲಿ. ಅದರ ಪ್ರಸ್ತಾಪವೇ ಬರಲಿಲ್ಲ. ವಾಟ್ಸ್ಆ್ಯಪ್ ಗುಂಪುಗಳ ಕಾಟಕ್ಕೆ ಹತ್ತು ನಿಮಿಷವೂ ಸಿಗಲಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ವಂದನಾರ್ಪಣೆಯ ಗಡಿಬಿಡಿಯಲ್ಲಿ ಬಾಯಿಮಾತಿನಲ್ಲಿ ಹೇಳಿದರೇ ಹೊರತು ಹಲಗೆಯ ಮೇಲೆ ಬರೆಯಲಿಲ್ಲ.

ಶಿಕ್ಷಕರು ಆ ಎರಡು ದಿನವೂ ಸಿಬ್ಬಂದಿ ಕೊಠಡಿಯಲ್ಲಿಯೇ ಇದ್ದರೆಂದು ಮಗಳು ಹೇಳಿದಳು. ತರಗತಿಯಲ್ಲಿ ಒಂದು ಮಗುವಿಗೆ ಅಡ್ಡಹೆಸರು ಅಂಟುವುದು ಎಷ್ಟೋ ಸಲ ಮೇಷ್ಟ್ರ ಬಾಯಿಂದಲೇ ಎಂಬುದು ಓದಿದವರಿಗೆಲ್ಲ ಗೊತ್ತು (ನನ್ನದೂ ಹಾಗೆಯೇ ಅಂಟಿದ್ದು). 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದನ್ನು ಕೇಳಬೇಕಾದವರೇ ಅಲ್ಲಿರಲಿಲ್ಲ.

ನನಗೆ ಹೆಚ್ಚು ಬೇಸರವಾದದ್ದು ಪೋಷಕರ ಸಭೆಯ ಸಮಯದ ಬಗ್ಗೆ. ಕಾಫಿ ಕೊಯ್ಲಿನ ಕಾಲದಲ್ಲಿ, ವಾರದ ನಡುವೆ, ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ಲೈನ್ ಮನೆಯ ತಾಯ್ತಂದೆಯರು ಬರುವುದು ಹೇಗೆ? ಯಾರ ಮಕ್ಕಳು ಹೆಚ್ಚು ನೋಯುತ್ತಾರೆಂದು ಅಭಿನಯದಲ್ಲಿ ತೋರಿಸಿದರೋ, ಅವರ ಮನೆಯ ಒಬ್ಬರೂ ಅಲ್ಲಿರಲಿಲ್ಲ. ಸಂತೆಯ ರಜೆಯ ದಿನ ನೋಡಿಕೊಂಡಿದ್ದರೆ ಕೆಲವರಾದರೂ ಬರುತ್ತಿದ್ದರು.

ಐದಕ್ಕೆ ಮೂರು ಅಂಕ ಕೊಡುತ್ತೇನೆ, ಮೂರೂ ಆ ಅಭಿನಯಕ್ಕೆ. ಕರೆಸುವವರು ಶಿಕ್ಷಕರಿಗೆ ಪ್ರತ್ಯೇಕ ಅವಧಿ ಇರಲೇಬೇಕೆಂದು, ಮೂರು ತಿಂಗಳ ಬಳಿಕ ಮತ್ತೊಮ್ಮೆ ಬರಬೇಕೆಂದು ಮೊದಲೇ ಒಪ್ಪಿಸಿಕೊಳ್ಳಿ. ದೂರು ಪೆಟ್ಟಿಗೆಯನ್ನು ಎಲ್ಲಿ ತೂಗುಹಾಕಬೇಕೆಂದೂ ಆ ಸಂಸ್ಥೆಯವರನ್ನೇ ಕೇಳಿ. ನಮ್ಮಲ್ಲಿ ಅದು ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲ ಪಕ್ಕ ಇದೆ, ಚೀಟಿ ಹಾಕುವವರು ಇಡೀ ವರಾಂಡಕ್ಕೆ ಕಾಣುತ್ತಾರೆ.