ಫ್ರೇಮ್ ಬಿಚ್ಚಿ ತೋರಿಸದ ಸೆಲ್ ಕೊಳ್ಳಬೇಡಿ

ಆನ್‌ಲೈನ್‌ನಲ್ಲಿ ಅನಿಮೇಷನ್ ಸೆಲ್ ಹುಡುಕುತ್ತಿರುವವರು ಇದನ್ನೊಮ್ಮೆ ಓದಿ, ಆಮೇಲೆ ದುಡ್ಡು ಕಟ್ಟಿ. ಒಬ್ಬನೇ ಮಾರಾಟಗಾರ ನನಗೆ ಎರಡು ಸಲ ಟೋಪಿ ಹಾಕಿದ. ಎರಡನೆಯದು ಮೊದಲನೆಯದಕ್ಕಿಂತ ನಾಜೂಕಾಗಿತ್ತು.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಕಂಪ್ಯೂಟರ್ ಬರುವ ಮುಂಚೆ ಕಾರ್ಟೂನ್ ಪಾತ್ರಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಡಿಸುತ್ತಿದ್ದರು. ಗೆರೆ ಮುಂದಿನ ಬದಿಗೆ, ಬಣ್ಣ ಹಿಂದಿನ ಬದಿಗೆ. ಅದನ್ನು ಹಿನ್ನೆಲೆ ಚಿತ್ರದ ಮೇಲಿಟ್ಟು ಒಂದೊಂದೇ ಫ್ರೇಮ್ ಶೂಟ್ ಮಾಡುತ್ತಿದ್ದರು. ಹೀಗೆ ಕ್ಯಾಮೆರಾ ಕೆಳಗೆ ಹೋಗಿ ಬಂದ ಹಾಳೆಯೇ ಪ್ರೊಡಕ್ಷನ್ ಸೆಲ್. ಸೆರಿಸೆಲ್ ಅನ್ನುವುದು ಬೇರೆ. ಅದು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಅದೇ ಥರದ ಪ್ಲಾಸ್ಟಿಕ್ ಮೇಲೆ ನೂರಾರು, ಸಾವಿರಾರು ಪ್ರತಿ ಅಚ್ಚು ಹಾಕಿದ್ದು. ಸಿನಿಮಾಕ್ಕೂ ಅದಕ್ಕೂ ನೇರ ಸಂಬಂಧವೇ ಇಲ್ಲ. ಸೆರಿಸೆಲ್ ಮಾರುವುದರಲ್ಲಿ ತಪ್ಪೇನಿಲ್ಲ, ಸ್ಟುಡಿಯೋಗಳೇ ಮಾರಿವೆ, ಗೋಡೆಗೂ ಚೆನ್ನಾಗಿ ಕಾಣುತ್ತದೆ. ಅದನ್ನು ಪ್ರೊಡಕ್ಷನ್ ಸೆಲ್ ಅಂತ ಹೇಳಿ, ಆ ಬೆಲೆಗೆ ಮಾರುವುದು ಮೋಸ.

ನನಗೆ ಬಂದದ್ದು 1980ರ ದಶಕದ ಒಂದು ಟಿವಿ ಸರಣಿಯ ಸೆಲ್ ಅಂತ ಜಾಹೀರಾತಿನಲ್ಲಿತ್ತು. ಒಳ್ಳೆ ಫ್ರೇಮ್, ಚಿತ್ರದ ಸುತ್ತ ದಪ್ಪ ರಟ್ಟಿನ ಅಂಚು (ಮ್ಯಾಟ್), ಹೊಲೊಗ್ರಾಮ್ ಅಂಟಿಸಿದ ಸರ್ಟಿಫಿಕೇಟ್. ಸರ್ಟಿಫಿಕೇಟ್‌ನಲ್ಲಿ ಏನೇನೋ ಇತ್ತು, ಇದು ಶೂಟಿಂಗ್‌ಗೆ ಬಳಸಿದ ಸೆಲ್ ಅನ್ನೋ ಒಂದು ಸಾಲು ಮಾತ್ರ ಇರಲಿಲ್ಲ. ಸೆಲ್ ಯಾವ ಕಂತಿನದ್ದು ಅಂದಿದ್ದನೋ ಆ ಕಂತನ್ನು ಹಾಕಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಆ ಭಂಗಿ ಎಲ್ಲೂ ಸಿಗಲಿಲ್ಲ. ಬಟ್ಟೆ ಸರಿ, ಮುಖ ಸರಿ, ಆದರೆ ಪಾತ್ರ ಹಾಗೆ ಕೈ ಎತ್ತಿ ನಿಂತದ್ದೇ ಇಲ್ಲ. ಕ್ಯಾಮೆರಾ ಕಂಡ ಸೆಲ್ ಆದರೆ ಬೆರಳು ಮಡಚಿದ ರೀತಿಯೂ ತೆರೆಯ ಮೇಲಿನ ಚಿತ್ರಕ್ಕೆ ಹೊಂದಬೇಕು.

ಆಗ ಫ್ರೇಮ್ ಬಿಚ್ಚಿದೆ. ಪೆಗ್ ತೂತುಗಳೇ ಇಲ್ಲ. ಸೆಲ್ ಗೂಟಗಳಿಗೆ (ಪೆಗ್) ಸಿಕ್ಕಿ ಅಲುಗಾಡದೆ ಕೂರಲಿ ಅಂತ ಅಂಚಿನಲ್ಲಿ ತೂತು ಮಾಡಿರುತ್ತಾರೆ: ಸಾಮಾನ್ಯವಾಗಿ ನಡುವೆ ಒಂದು ದುಂಡಗಿನದು, ಎರಡೂ ಪಕ್ಕ ಒಂದೊಂದು ಉದ್ದನೆಯದು. ಮೂಲೆಯಲ್ಲಿ ಸಾಮಾನ್ಯವಾಗಿ ಸೀಕ್ವೆನ್ಸ್ ನಂಬರ್ (ಹಾಳೆಯ ಸರದಿ ಸಂಖ್ಯೆ) ಕೂಡ ಇರುತ್ತದೆ. ಅದೂ ಇಲ್ಲ. ಹಿಂಬದಿಯನ್ನು ಓರೆ ಬೆಳಕಿಗೆ ಹಿಡಿದರೆ ಕೈಯಿಂದ ಹಚ್ಚಿದ ಬಣ್ಣದಲ್ಲಿ ಬ್ರಷ್ ಓಡಿದ ಗುರುತು, ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು, ಗೆರೆಯ ಅಡಿಗೆ ನುಗ್ಗಿದ ಬಣ್ಣ, ಎಲ್ಲ ಕಾಣಬೇಕು. ಇದರಲ್ಲಿ ಬಣ್ಣ ಎಲ್ಲಾ ಕಡೆ ಒಂದೇ ಸಮ, ಮಟ್ಟಸವಾಗಿತ್ತು. ಹಿನ್ನೆಲೆ ಅಂತ ಇಟ್ಟಿದ್ದು ಕಲರ್ ಜೆರಾಕ್ಸ್. ಇನ್ನೂ ಒಂದಿದೆ. ಹಾಳೆಯ ಮೂರು ಅಂಚು ನಯವಾಗಿದ್ದವು, ಕೆಳಗಿನದನ್ನು ಮಾತ್ರ ಬ್ಲೇಡ್‌ನಿಂದ ಸೊಟ್ಟಗೆ ಕೊಯ್ದಿದ್ದರು. ಅಲ್ಲಿ ಒಂದು ಅಂಕಿಯ ತಲೆ ಉಳಿದುಕೊಂಡಿತ್ತು. ಐದೋ ಏಳೋ ಗೊತ್ತಾಗಲ್ಲ. ಸೆರಿಸೆಲ್‌ನಲ್ಲಿ ಎಷ್ಟನೇ ಪ್ರತಿ ಅನ್ನುವ ನಂಬರ್ ಇದ್ದ ಜಾಗ ಅದು.

ಮಾರಾಟಗಾರನನ್ನು ಕೇಳಿದರೆ ಅವನ ಉತ್ತರ ರೆಡಿಯಾಗಿತ್ತು. "ಹಳೇ ಸೆಲ್‌ಗಳನ್ನು ಅಂಚು ಕತ್ತರಿಸಿಯೇ ಮಾರುತ್ತಿದ್ದರು." ಅರ್ಧ ಸತ್ಯ. 1930ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೂರ್ವಾಸಿಯೇ ಗ್ಯಾಲರಿ ಸ್ನೋ ವೈಟ್ ಸಿನಿಮಾದ ಸೆಲ್‌ಗಳನ್ನು ಕತ್ತರಿಸಿ, ಬೇರೆ ಹಿನ್ನೆಲೆಗೆ ಜೋಡಿಸಿ ಮಾರಿತ್ತು. 1955ರಲ್ಲಿ ಶುರುವಾದ ಡಿಸ್ನಿಲ್ಯಾಂಡ್‌ನ ಅಂಗಡಿಯಲ್ಲೂ ಕತ್ತರಿಸಿದ ಸೆಲ್‌ಗಳನ್ನು ಹಿಂದೆ ಬಂಗಾರದ ಬಣ್ಣದ ಚೀಟಿ ಅಂಟಿಸಿ ಮಾರುತ್ತಿದ್ದರು. ಹಾಗಾಗಿ ತೂತಿಲ್ಲ ಅಂದಮಾತ್ರಕ್ಕೆ ಪ್ರತಿಯೊಂದೂ ನಕಲಿ ಅಲ್ಲ. ಆದರೆ 1980ರ ದಶಕದ ಟಿವಿ ಸರಣಿಗೆ ಈ ಕಥೆ ಅಂಟಿಸಿದರೆ ಯಾರು ನಂಬುತ್ತಾರೆ?

ಇಂಥವರು ಇತಿಹಾಸ ಸ್ವಲ್ಪ ಓದಿಕೊಂಡೇ ಇರುತ್ತಾರೆ. ನೀವೂ ಕೆಲವು ಇಸವಿ ನೆನಪಿಟ್ಟುಕೊಳ್ಳಿ. ಡಿಸ್ನಿ 1961ರ ಡಾಲ್ಮೇಷಿಯನ್ ನಾಯಿಗಳ ಸಿನಿಮಾದಿಂದ ಪೂರ್ತಿ ಸಿನಿಮಾದ ಗೆರೆಗಳನ್ನು ಸೆಲ್‌ಗೆ ಜೆರಾಕ್ಸ್ ವಿಧಾನದಲ್ಲಿ ಇಳಿಸತೊಡಗಿತು. ಅದಾದ ಮೇಲಿನ ಸಿನಿಮಾದ ಸೆಲ್ ತೋರಿಸಿ "ಎಲ್ಲಾ ಗೆರೆ ಕೈಯಲ್ಲೇ ಎಳೆದದ್ದು" ಅಂದರೆ ಅನುಮಾನ ಪಡಿ. 1990ರ ದಿ ರೆಸ್ಕ್ಯೂವರ್ಸ್ ಡೌನ್ ಅಂಡರ್‌ನಿಂದ ಬಣ್ಣ ತುಂಬುವ ಕೆಲಸವೂ ಕಂಪ್ಯೂಟರ್‌ಗೆ ಹೋಯಿತು. ಇದೇ ಮಾರಾಟಗಾರನ ಪಟ್ಟಿಯಲ್ಲಿ ಲಯನ್ ಕಿಂಗ್ ಪ್ರೊಡಕ್ಷನ್ ಸೆಲ್ ಕೂಡ ಇತ್ತು! ಆ ಸಿನಿಮಾ 1994ರದ್ದು. ಅದರ ಸೆಲ್ ಯಾವ ಕ್ಯಾಮೆರಾ ಕೆಳಗೂ ಹೋಗಿಲ್ಲ. ಮಾರಾಟಕ್ಕೆಂದೇ ಆಮೇಲೆ ಮಾಡಿದವು ಇವೆ, ಅಷ್ಟೇ. ಜಪಾನಿನಲ್ಲಿ ಸೆಲ್ ಇನ್ನೂ ಸ್ವಲ್ಪ ಕಾಲ ಉಳಿಯಿತು. ಸಾಝೇ-ಸಾನ್ ಸರಣಿಯಲ್ಲಂತೂ 2013ರವರೆಗೆ ಬಳಸಿದರು.

ನಾನು ಪಾವತಿ ಕಂಪನಿಗೆ ದೂರು ಕೊಟ್ಟೆ. ಅಲ್ಲಿಂದ ಅವನ ದನಿ ಪೂರ್ತಿ ಬದಲಾಯಿತು. ಬೇಜಾರು ಮಾಡ್ಕೋಬೇಡಿ, ಅಸಲಿ ಸೆಲ್ ಒಂದನ್ನು ಕಳಿಸುತ್ತೇನೆ, ದೂರು ಮುಚ್ಚಿಬಿಡಿ ಅಂದ. ಪೆಗ್ ತೂತು, ನಂಬರ್ ಎಲ್ಲಾ ಕಾಣುವ ಫೋಟೋ ಕಳಿಸಿದ. ಆ ಕಂಪನಿಯಲ್ಲಿ ಒಮ್ಮೆ ಮುಚ್ಚಿದ ದೂರನ್ನು ಅದೇ ಖರೀದಿಗೆ ಮತ್ತೆ ತೆರೆಯಲು ಬರುವುದಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅದೇ.

ಬಂದ ಸೆಲ್ ನಿಜವಾಗಿಯೂ ಅಸಲಿ. ಆದರೆ ಪ್ಲಾಸ್ಟಿಕ್ ಕವರ್ ಕತ್ತರಿಸಿದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಸೆಲ್ಯುಲೋಸ್ ಅಸಿಟೇಟ್ ಕೊಳೆಯುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ಜೋರು ಮಾಡುತ್ತದೆ, ಪಕ್ಕದಲ್ಲಿರುವ ಬೇರೆ ಸೆಲ್‌ಗಳಿಗೂ ತಗಲುತ್ತದೆ. ಇದಕ್ಕೆ ವಾಪಸ್ ದಾರಿ ಇಲ್ಲ. ತಂಪಾದ, ಒಣ ಜಾಗದಲ್ಲಿ ಗಾಳಿಯಾಡುವಂತೆ ಇಟ್ಟು ನಿಧಾನ ಮಾಡಬಹುದು ಅಷ್ಟೇ. ಹಾಳೆ ಆಗಲೇ ಹಪ್ಪಳದಂತೆ ಅಲೆ ಅಲೆಯಾಗಿ ಸುರುಟಿತ್ತು. ಅದರ ಜೊತೆಗಿದ್ದ ಪೆನ್ಸಿಲ್ ಡ್ರಾಯಿಂಗ್ (ಸೆಲ್‌ಗೆ ಮೊದಲು ಕಾಗದದ ಮೇಲೆ ಬಿಡಿಸುವ ಮೂಲ ಚಿತ್ರ) ಹಿಂಬದಿಯ ಬಣ್ಣಕ್ಕೆ ಕಚ್ಚಿಕೊಂಡಿತ್ತು. ಹೀಗೆ ಅಂಟಿದ್ದನ್ನು ಯಾವ ಕಾರಣಕ್ಕೂ ಎಳೆಯಬೇಡಿ, ಕಾಗದದ ಜೊತೆ ಬಣ್ಣವೂ ಕಿತ್ತು ಬರುತ್ತದೆ. ನಾನು ಅದನ್ನು ಉಳಿದ ಸೆಲ್‌ಗಳಿಂದ ದೂರ, ಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ. ಇದನ್ನು ಕೇಳಿ ಬರೆದ ಸಂದೇಶಕ್ಕೆ ಅವನಿಂದ ಉತ್ತರವೇ ಬರಲಿಲ್ಲ.

ಕೊಳ್ಳುವ ಮೊದಲು ಫ್ರೇಮ್‌ನಿಂದ ಹೊರಗೆ ತೆಗೆದ ಸೆಲ್‌ನ ಫೋಟೋ ಕೇಳಿ. ನಾಲ್ಕೂ ಅಂಚು ಕಾಣಬೇಕು, ಹಿಂಬದಿ ಓರೆ ಬೆಳಕಿನಲ್ಲಿ ಕಾಣಬೇಕು. ಯಾವ ಕಂತು, ಯಾವ ದೃಶ್ಯ ಅಂತಲೂ ಕೇಳಿ. ವಾಸನೆ ಇದೆಯಾ ಅಂತ ನೇರವಾಗಿ ಕೇಳಿ, ಉತ್ತರ ಬರಹದಲ್ಲಿ ಇರಲಿ. "ಫ್ರೇಮ್ ಬಿಚ್ಚಿದರೆ ಹಾಳಾಗುತ್ತೆ" ಅಂದರೆ ಅಲ್ಲಿಗೆ ಬಿಟ್ಟುಬಿಡಿ. "ಪ್ರಪಂಚದಲ್ಲಿ ಇದೊಂದೇ" ಅನ್ನುವುದಕ್ಕೂ ಸೋಲಬೇಡಿ. ಸೆಕೆಂಡಿಗೆ 24 ಫ್ರೇಮ್, ಒಂದು ಡ್ರಾಯಿಂಗ್ ಎರಡು ಫ್ರೇಮ್ ಉಳಿದರೂ ಸೆಕೆಂಡಿಗೆ 12. ಒಂದೇ ಅಂತ ಹೇಳುವ ಸೆಲ್‌ನ ಹಿಂದೆ ಮುಂದೆ ಹೆಚ್ಚು ಕಡಿಮೆ ಅದೇ ಥರದ್ದು ಎಷ್ಟೋ ಇರುತ್ತವೆ. ಇನ್ನು ಬದಲಿ ಸೆಲ್ ಕಳಿಸುತ್ತೇನೆ ಅಂದರೆ, ಅದು ಕೈಗೆ ಬಂದು, ಬಿಚ್ಚಿ, ಮೂಸಿ ನೋಡುವ ತನಕ ದೂರು ಹಾಗೇ ಇರಲಿ.

ಈಗಷ್ಟೇ ಶುರು ಮಾಡುವವರಿಗೆ ನನ್ನ ಕೇಳಿದರೆ ಪೆನ್ಸಿಲ್ ಡ್ರಾಯಿಂಗ್‌ಗಳೇ ವಾಸಿ. ಅನಿಮೇಟರ್ ತನ್ನ ಕೈಯಿಂದಲೇ ಎಳೆದ ಗೆರೆ ನೇರವಾಗಿ ಸಿಗುವುದು ಅದರಲ್ಲಿ, ಬೆಲೆ ಬಹಳ ಸಲ ಸೆಲ್‌ಗಿಂತ ಕಡಿಮೆ, ವಿನೆಗರ್ ಕಾಟವೂ ಇಲ್ಲ. ಮಾಡೆಲ್ ಶೀಟ್‌ಗಳ (ಪಾತ್ರ ಹೇಗೆ ಕಾಣಬೇಕು ಅಂತ ತೋರಿಸುವ ಮಾದರಿ ಹಾಳೆಗಳ) ವಿಷಯದಲ್ಲಿ ಹುಷಾರಾಗಿರಿ. ಸ್ಟುಡಿಯೋದೊಳಗೆ ಎಲ್ಲರಿಗೂ ಹಂಚಲು ಪ್ರತಿ ತೆಗೆಸಿದ್ದೇ ಅವುಗಳಲ್ಲಿ ಜಾಸ್ತಿ. ಬೆಳಕಿಗೆ ವಾಲಿಸಿ ನೋಡಿ: ನಿಜವಾದ ಪೆನ್ಸಿಲ್ ಗೆರೆ ಮಿನುಗುತ್ತದೆ, ಕಾಗದದಲ್ಲಿ ಒತ್ತಿದ ಗುರುತೂ ಇರುತ್ತದೆ.