ಮೈಐಡಿಪಿ ಎರಡು ವರ್ಷ ಬಳಸಿದ ಮೇಲೆ

ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲೆ ಇನ್ನೊಬ್ಬರ ಲ್ಯಾಬಲ್ಲಿ ಮಾಡೋ ರಿಸರ್ಚ್ ಕೆಲಸ) ಮಾಡ್ತಿರೋರು, ಪಿಎಚ್‌ಡಿ ಕೊನೇ ವರ್ಷದಲ್ಲಿರೋರು ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಆಗುತ್ತೆ. ಸೈನ್ಸ್ ಪತ್ರಿಕೆಯ ಕರಿಯರ್ ವಿಭಾಗ ಸೈನ್ಸ್ ಕರಿಯರ್ಸ್ ಅವರದ್ದು ಮೈಐಡಿಪಿ ಅಂತ ಒಂದು ಟೂಲ್ ಇದೆ, ವೆಬ್‌ನಲ್ಲೇ ಬಳಸೋದು, ಪೂರ್ತಿ ಫ್ರೀ, ಈಮೇಲ್ ಕೊಟ್ಟು ಅಕೌಂಟ್ ಮಾಡ್ಕೊಂಡ್ರೆ ಆಯ್ತು. ಐಡಿಪಿ ಅಂದ್ರೆ ನಮ್ಮ ಮುಂದಿನ ದಾರಿ ಬಗ್ಗೆ ನಾವೇ ಕೂತು ಬರ್ಕೊಳ್ಳೋ ಪ್ಲಾನ್, ಅಷ್ಟೇ. ನಾನು ಎರಡು ವರ್ಷದಿಂದ ಬಳಸ್ತಾ ಇದೀನಿ.

ನಾನು ಹಾಸನದ ಕಡೆಯವಳು, ಪಿಎಚ್‌ಡಿ ಬೆಂಗಳೂರಲ್ಲಿ ಮುಗ್ಸಿ ಅಮೆರಿಕಕ್ಕೆ ಬಂದು ಮೂರನೇ ವರ್ಷ, ಸೆಲ್ ಬಯಾಲಜಿ ಲ್ಯಾಬು, ಜೆ-1 ಅನ್ನೋ ಎಕ್ಸ್‌ಚೇಂಜ್ ವೀಸಾ. ಮೊದಲನೇ ವರ್ಷ ಹೆಂಗೆ ಹೋಯ್ತು ಅಂತಾನೇ ಗೊತ್ತಾಗ್ಲಿಲ್ಲ, ಮೈಕ್ರೋಸ್ಕೋಪ್ ರೂಮು ಕಲ್ಚರ್ ರೂಮು ಮನೆ, ಮತ್ತೆ ಮೈಕ್ರೋಸ್ಕೋಪ್ ರೂಮು. ಪ್ರತಿ ಭಾನುವಾರ ಅಮ್ಮ ಫೋನಲ್ಲಿ "ಇದಾದ್ಮೇಲೆ ಏನ್ ಮಗಾ?" ಅಂತ ಕೇಳೋರು, ನಾನು "ಪೇಪರ್ ಬರ್ಲಿ ಅಮ್ಮ, ಆಮೇಲ್ ನೋಡಣ" ಅನ್ನೋಳು. ಆ ಮಾತು ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಹೇಳ್ದಾಗೆಲ್ಲ ಹೊಟ್ಟೇಲಿ ಏನೋ ಸಂಕಟ. ಗಾಬರೀಲಿ ದುಡ್ಡು ಕೊಟ್ಟು ಒಂದು ಸಿವಿ ಮಾಡ್ಕೊಡೋ ಸರ್ವಿಸ್ ಕೂಡ ತಗೊಂಡೆ, ಹೆಸರು ಬೇಡ, ಅವರು ನನ್ನ ಸಿವಿನ ಬೇರೆ ಫಾಂಟಲ್ಲಿ ಟೈಪ್ ಮಾಡಿ ವಾಪಸ್ ಕಳ್ಸಿದ್ರು. ಆಮೇಲೆ ಪಕ್ಕದ ಲ್ಯಾಬಿನ ಒಬ್ಬ ಸೀನಿಯರ್ ಈ ಟೂಲ್ ಬಗ್ಗೆ ಹೇಳಿದ್ದು.

ಇದು ಬಂದಿದ್ದು 2012ರಲ್ಲಿ. ಸಿಂಥಿಯಾ ಫ್ಯೂರ್ಮನ್, ಜೆನಿಫರ್ ಹೋಬಿನ್, ಫಿಲಿಪ್ ಕ್ಲಿಫರ್ಡ್, ಬಿಲ್ ಲಿಂಡ್‌ಸ್ಟಾಟ್ ಅನ್ನೋ ನಾಲ್ಕು ಜನ ಸೇರಿ ಮಾಡಿದ್ದು, ಪಿಎಚ್‌ಡಿ ಪೋಸ್ಟ್‌ಡಾಕ್ ಮಾಡೋರ ಜೊತೇಲೇ ಕೆಲಸ ಮಾಡಿದವರು. ಅದು ಬಳಸುವಾಗ ಗೊತ್ತಾಗುತ್ತೆ. ಕೇಳೋ ಪ್ರಶ್ನೆಗಳು ಯಾವುದೋ ಕಾರ್ಪೊರೇಟ್ ಫಾರ್ಮಿಂದ ಎತ್ತಿದ್ದಲ್ಲ, ನಮ್ಮ ಬೆಂಚಿನ ಪಕ್ಕ ನಿಂತು ಕೇಳ್ದಂಗೆ ಇದೆ.

ಮೊದ್ಲು ಮೂರು ಭಾಗ ತುಂಬ್ಬೇಕು: ನಿಮಗೇನು ಬರುತ್ತೆ, ನಿಮಗೇನು ಇಷ್ಟ, ನಿಮಗೆ ಜೀವನದಲ್ಲಿ ಯಾವುದು ಮುಖ್ಯ. ಏನು ಬರುತ್ತೆ ಅನ್ನೋದಕ್ಕೆ 1ರಿಂದ 5ರ ತನಕ ನಾವೇ ನಮಗೆ ಅಂಕ ಕೊಟ್ಕೋಬೇಕು. ಎಕ್ಸ್‌ಪೆರಿಮೆಂಟ್ ಡಿಸೈನು, ಡೇಟಾ ಅನಾಲಿಸಿಸು ಎಲ್ಲ ಚಕಚಕ ಅಂತ 4, 5 ಹಾಕ್ಕೊಂಡು ಹೋದೆ. ಆಮೇಲೆ ಕಷ್ಟದ ಮಾತುಕತೆ ನಿಭಾಯ್ಸೋದು, ಜನರನ್ನ ಮುನ್ನಡೆಸೋದು, ಬಜೆಟ್ ನೋಡ್ಕೊಳ್ಳೋದು, ಈ ಥರದ್ದು ಬಂತು, ಅಲ್ಲಿ ಕೈ ನಿಂತ್ಬಿಡ್ತು. ರಾತ್ರಿ ಹನ್ನೊಂದಾಗಿತ್ತು, ಟೈಮ್‌ಲ್ಯಾಪ್ಸ್ ಓಡ್ತಾ ಇತ್ತು, ಐದು ನಿಮಿಷಕ್ಕೊಂದ್ಸಲ ಶಟರ್ ಟಕ್ ಅನ್ನೋ ಸದ್ದು ಬಿಟ್ರೆ ರೂಮಲ್ಲಿ ಏನೂ ಇಲ್ಲ. ಆರೇಳು ವರ್ಷದ ಪಿಎಚ್‌ಡಿ, ಪೋಸ್ಟ್‌ಡಾಕ್ ಎಲ್ಲ ಸೇರಿ ನನ್ನ ಮುಂದಿನ ದಾರಿ ಬಗ್ಗೆ ನನ್ನ ಪಿಐ (ಲ್ಯಾಬು ನಡೆಸೋ ಪ್ರೊಫೆಸರ್) ಹತ್ರ ಕೂತು ಒಂದೇ ಒಂದು ನೇರ ಮಾತು ಆಡಿರ್ಲಿಲ್ಲ ಅನ್ನೋದು ಅವತ್ತು ಹೊಳೀತು. ಕಷ್ಟದ ಮಾತುಕತೆಗೆ 1 ಹಾಕ್ದೆ. ಹಾಕಿ ಸುಮಾರು ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ.

ಇದೆಲ್ಲ ತುಂಬಿದ್ ಮೇಲೆ ಅದು 20 ಥರದ ವೃತ್ತಿ ದಾರಿಗಳನ್ನ ತೋರ್ಸುತ್ತೆ, ಪಕ್ಕದಲ್ಲಿ ಸ್ಕಿಲ್ಸ್ ಇಷ್ಟು ಪರ್ಸೆಂಟ್ ಹೊಂದುತ್ತೆ, ಇಂಟರೆಸ್ಟ್ ಇಷ್ಟು ಪರ್ಸೆಂಟ್ ಹೊಂದುತ್ತೆ ಅಂತ. ಸ್ವಂತ ಲ್ಯಾಬು ನಡೆಸೋದು, ಕಂಪನೀಲಿ ರಿಸರ್ಚು, ಪಾಠ ಮಾಡೋದೇ ಮುಖ್ಯ ಆಗಿರೋ ಕಾಲೇಜು, ಸೈನ್ಸ್ ರೈಟಿಂಗು, ವಿಜ್ಞಾನದ ನೀತಿ ರೂಪಿಸೋ ಪಾಲಿಸಿ ಕೆಲಸ, ಪೇಟೆಂಟ್ ಕೆಲಸ, ಕ್ಲಿನಿಕಲ್ ಟ್ರಯಲ್ ನೋಡ್ಕೊಳ್ಳೋದು, ರಿಸರ್ಚ್ ಅಡ್ಮಿನಿಸ್ಟ್ರೇಷನ್ (ಸಂಸ್ಥೆಗಳಲ್ಲಿ ಗ್ರ್ಯಾಂಟು, ರಿಸರ್ಚ್ ಪ್ರೋಗ್ರಾಮುಗಳನ್ನ ನೋಡ್ಕೊಳ್ಳೋದು), ಹಿಂಗೆ. ಇದ್ರಲ್ಲಿ ಅರ್ಧದಷ್ಟು ಕೆಲಸಗಳು ಇದಾವೆ ಅಂತಾನೇ ನನಗೆ ಗೊತ್ತಿರ್ಲಿಲ್ಲ. ನಮ್ಮೂರಲ್ಲಿ ಪಿಎಚ್‌ಡಿ ಅಂದ್ರೆ ಲೆಕ್ಚರರ್, ಬೆಂಗಳೂರಲ್ಲಿ ಪಿಎಚ್‌ಡಿ ಅಂದ್ರೆ ಫ್ಯಾಕಲ್ಟಿ, ಮೂರನೇದು ಯಾರ ಬಾಯಲ್ಲೂ ಬಂದಿದ್ದಿಲ್ಲ. ನನಗೆ ರಿಸರ್ಚ್ ಅಡ್ಮಿನಿಸ್ಟ್ರೇಷನ್ ಮೇಲ್ಗಡೆ ಬಂತು, ಸ್ವಂತ ಲ್ಯಾಬು ಮಧ್ಯದಲ್ಲೆಲ್ಲೋ. ಅವತ್ತು ಅತ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಇಲ್ಲಿ ಒಂದು ಮಾತು ಒತ್ತಿ ಹೇಳ್ಬೇಕು. ಆ ಪರ್ಸೆಂಟೇಜ್ ನೋಡಿ ಟ್ಯಾಬ್ ಕ್ಲೋಸ್ ಮಾಡೋರೇ ಜಾಸ್ತಿ, ನನ್ನ ಫ್ರೆಂಡ್ಸಲ್ಲೇ ನಾಲ್ಕೈದು ಜನ ಹಂಗ್ ಮಾಡಿ "ಏನೂ ಪ್ರಯೋಜ್ನ ಇಲ್ಲ ಕಣೇ" ಅಂದ್ರು. ಅದು ಜಾತಕ ಅಲ್ಲ. ಇವತ್ತು ನಮಗೇನು ಬರುತ್ತೆ ಅಂತ ನಾವೇ ಹೇಳಿದ್ದನ್ನ ಅದು ನಮಗೇ ವಾಪಸ್ ತೋರ್ಸುತ್ತೆ, ನಾಳೆ ಕಲಿಯೋದು ಅದಕ್ಕೆ ಗೊತ್ತಿಲ್ಲ. ನಿಜವಾದ ಕೆಲಸ ಇರೋದು ಅದಾದ್ಮೇಲಿನ ಭಾಗದಲ್ಲಿ: ಆ ವೃತ್ತಿಗಳ ಬಗ್ಗೆ ಓದಿ, ಅದ್ರಲ್ಲಿ ಇರೋ ಜನರ ಹತ್ರ ಮಾತಾಡಿ, ಆಮೇಲೆ ಪ್ಲಾನ್ ಎ, ಪ್ಲಾನ್ ಬಿ ಅಂತ ಎರಡು ಆರಿಸ್ಕೊಳ್ಳಿ ಅನ್ನುತ್ತೆ. ಎರಡು ಬರಿಯೋಕೆ ಜಾಗ ಇದ್ಯಲ್ಲ, ಅದು ನನಗೆ ದೊಡ್ಡ ಸಮಾಧಾನ. ಬಿ ಬರ್ದಿಟ್ರೆ ಎ ಕೈಬಿಟ್ಟಂಗೆ ಅಲ್ಲ.

ಮಾತಾಡಿ ಅಂದಿದ್ದಕ್ಕೆ ಮಾತಾಡ್ದೆ. ಇಲ್ಲಿನ ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯ ಆದ ಒಬ್ಬರು ಅಕ್ಕ, ದಾವಣಗೆರೆಯವರು, ಪೋಸ್ಟ್‌ಡಾಕ್ ಮುಗ್ಸಿ ಒಂದು ಬಯೋಟೆಕ್ ಕಂಪನೀಲಿ ಇದಾರೆ. ಇಪ್ಪತ್ತು ನಿಮಿಷ ಸಾಕು ಅಂತ ಮೆಸೇಜ್ ಹಾಕ್ದೆ, ಅವರು ಮನೆಗೇ ಕರೆದ್ರು, ಅಕ್ಕಿರೊಟ್ಟಿ ತಟ್ತಾ ತಟ್ತಾ ಒಂದೂವರೆ ಗಂಟೆ ಹೇಳಿದ್ರು. "ನೀನು ಎಷ್ಟು ಪೇಪರ್ ಬರ್ದೆ ಅಂತ ಅಲ್ಲಿ ಕೇಳಲ್ಲ ಪುಟ್ಟ, ಒಂದು ಪ್ರಾಜೆಕ್ಟ್ ನಿಲ್ಲಿಸ್ಬೇಕು ಅಂತ ಯಾವಾಗ ಡಿಸೈಡ್ ಮಾಡ್ದೆ, ಹೆಂಗ್ ಮಾಡ್ದೆ ಅಂತ ಕೇಳ್ತಾರೆ." ಆ ಒಂದು ಮಾತು ಯಾವ ವರ್ಕ್‌ಶಾಪಲ್ಲೂ ನನಗೆ ಸಿಕ್ಕಿರ್ಲಿಲ್ಲ.

ಆಮೇಲೆ ಗುರಿಗಳು ಬರ್ಕೊಳ್ಳೋ ಭಾಗ. ಪೇಪರ್ ಬರೀಬೇಕು ಅಂತ ಬರ್ದ್ರೆ ಆಗಲ್ಲ, ಯಾವ ತಾರೀಖಿಗೆ ಯಾವ ಫಿಗರ್ ಅಂತ ಬರೀಬೇಕು, ಹೊತ್ತಿಗೆ ಸರಿಯಾಗಿ ಮೇಲ್ ಬಂದು ನೆನಪಿಸುತ್ತೆ. ನನ್ನ ಮೊದಲ ಗುರಿ ಆ 1 ಅಂಕದ್ದೇ ಇಟ್ಕೊಂಡೆ: ಪಿಐ ಜೊತೆ ಅರ್ಧ ಗಂಟೆ, ಡೇಟಾ ಬಿಟ್ಟು. ಪ್ರಿಂಟ್ ತಗೊಂಡು ಹೋದೆ, ಅವರು ಪೆನ್ನು ಹಿಡ್ಕೊಂಡು ಓದಿ ಲೀಡರ್‌ಶಿಪ್‌ಗೆ ನಾನು ಹಾಕಿದ್ದ 2ನ ಹೊಡೆದು 4 ಮಾಡಿದ್ರು, "ಡಿಗ್ರಿ ಸ್ಟೂಡೆಂಟ್ಸ್ ಇಬ್ಬರಿಗೆ ಕಲಿಸಿದ್ದು ಯಾರು?" ಅಂದ್ರು. ಎಲ್ಲರ ಪಿಐನೂ ಹಿಂಗಿರಲ್ಲ ಅಂತ ಗೊತ್ತು. ಬೇರೆ ಲ್ಯಾಬಲ್ಲಿ ಒಬ್ಬಳು ತೋರ್ಸೋಕೆ ಹೋದ್ರೆ "ಇದಕ್ಕೆಲ್ಲ ಟೈಮ್ ಇದ್ಯಾ" ಅಂದ್ರಂತೆ. ಅಂಥವರು ಇದ್ರೆ ಪಿಐಗೆ ತೋರ್ಸ್ಲೇಬೇಕು ಅಂತೇನಿಲ್ಲ, ಮೆಂಟರ್‌ಗಳ ಟೀಮ್ ಮಾಡ್ಕೊಳ್ಳಿ ಅಂತ ಟೂಲೇ ಹೇಳುತ್ತೆ, ಬೇರೆ ಯಾರಾದ್ರೂ ಹಿರಿಯರಿಗೆ ತೋರ್ಸಿ. ಆದ್ರೆ ಯಾರಿಗಾದ್ರೂ ತೋರ್ಸ್ಲೇಬೇಕು, ಒಬ್ಬರೇ ಇಟ್ಕೊಂಡ್ರೆ ಅದು ಬರೀ ಫಾರ್ಮು. ಇನ್ನೊಂದು, 2024ರಿಂದ ಎನ್‌ಎಸ್‌ಎಫ್ (ಅಮೆರಿಕ ಸರ್ಕಾರದ ವಿಜ್ಞಾನ ಅನುದಾನ ಸಂಸ್ಥೆ) ಗ್ರ್ಯಾಂಟಿಂದ ವರ್ಷದಲ್ಲಿ ಒಂದು ತಿಂಗಳಿನಷ್ಟಾದ್ರೂ ಸಂಬಳ ಬರೋ ಪೋಸ್ಟ್‌ಡಾಕ್‌ಗಳಿಗೆ ಐಡಿಪಿ ಇರ್ಲೇಬೇಕು ಅನ್ನೋ ನಿಯಮ ಬಂದಿದೆ, ಅಂಥವರು ಪಿಐ ಹತ್ರ ಧೈರ್ಯವಾಗಿ ಟೈಮ್ ಕೇಳ್ಬಹುದು.

ಈಗ ಕೊರತೆ. ದೊಡ್ಡದು ಅಂದ್ರೆ ವೀಸಾ. ನಮ್ಮಂಥವರ ತಲೇಲಿ ಹಗಲು ರಾತ್ರಿ ಓಡೋದೇ ಅದು, ಟೂಲ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಜೆ-1 ರಿಸರ್ಚ್ ಸ್ಕಾಲರ್‌ಗೆ ಗರಿಷ್ಠ ಐದು ವರ್ಷ. ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಪೋಸ್ಟ್‌ಡಾಕ್‌ಗಳಿಗೆ ಕೊಡೋ ಎಫ್32 ಫೆಲೋಶಿಪ್ ಸಿಟಿಜನ್, ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ. ಪೋಸ್ಟ್‌ಡಾಕಿಂದ ಸ್ವಂತ ಲ್ಯಾಬಿಗೆ ಹೋಗೋಕೆ ಅವರೇ ಕೊಡೋ ಕೆ99 ಗ್ರ್ಯಾಂಟ್ ನಮಗೂ ತೆರೆದಿದೆ, ಆದ್ರೆ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ದಾಟಿರ್ಬಾರ್ದು. ಈ ಗಡಿಯಾರಗಳನ್ನ ನಾನೇ ಬೇರೆ ಹಾಳೇಲಿ ಬರ್ದು ಪ್ಲಾನ್ ಪಕ್ಕ ಅಂಟಿಸ್ಕೊಂಡೆ. ನೀವೂ ಬಂದ ಮೊದಲ ತಿಂಗಳೇ ಬರ್ಕೊಳ್ಳಿ, ನಾನು ಲೇಟಾಗಿ ಬರ್ದೆ.

ಎರಡನೇದು, ವಾಪಸ್ ಊರಿಗೆ ಬರೋ ದಾರಿ ಇದಕ್ಕೆ ಗೊತ್ತೇ ಇಲ್ಲ. ಅದಕ್ಕೆ ಬೆಂಗಳೂರಿನ ಇಂಡಿಯಾಬಯೋಸೈನ್ಸ್ ಅನ್ನೋ ಜೀವವಿಜ್ಞಾನದವರ ಸಂಸ್ಥೆಯ ವೆಬ್‌ಸೈಟ್ ನೋಡಿ. ಅಲ್ಲಿ ಫ್ಯಾಕಲ್ಟಿ ಹುದ್ದೆ, ಗ್ರ್ಯಾಂಟ್ ಎಲ್ಲ ಒಂದೇ ಕಡೆ ಸಿಗುತ್ತೆ, ಮತ್ತೆ ಅವರು 2009ರಿಂದ ನಡೆಸ್ತಿರೋ ಯಂಗ್ ಇನ್ವೆಸ್ಟಿಗೇಟರ್ಸ್ ಮೀಟಿಂಗಿಗೆ ಪೋಸ್ಟ್‌ಡಾಕ್‌ಗಳನ್ನೂ ಆರಿಸಿ ಕರೀತಾರೆ, ಕೆಲಸ ಕೊಡೋ ಸಂಸ್ಥೆಗಳವರು ಎದುರಿಗೇ ಸಿಗ್ತಾರೆ. ಭಾರತ ಸರ್ಕಾರದ ರಾಮಲಿಂಗಸ್ವಾಮಿ, ರಾಮಾನುಜನ್ ಫೆಲೋಶಿಪ್‌ಗಳು ಹೊರದೇಶದಿಂದ ವಾಪಸ್ ಬರೋರಿಗೇ ಇರೋದು, ಎರಡೂ ಐದು ವರ್ಷದ್ದು.

ಹ್ಯುಮಾನಿಟೀಸ್, ಸೋಷಿಯಲ್ ಸೈನ್ಸ್ ಅವರಿಗೆ ಮೈಐಡಿಪಿ ಹೊಂದಲ್ಲ, ಇಮ್ಯಾಜಿನ್‌ಪಿಎಚ್‌ಡಿ ಅಂತ ಅವರಿಗೋಸ್ಕರ ಮಾಡಿರೋದಿದೆ, ಅದೂ ಫ್ರೀ. ನಾನು ಬಳಸಿಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಹೋದ ತಿಂಗಳು ಮತ್ತೆ ಪೂರ್ತಿ ತುಂಬಿದೆ. ಆ 1 ಈಗ 3 ಆಗಿದೆ. ಪ್ಲಾನ್ ಎ ಬೆಂಗಳೂರು ಅಥವಾ ಪುಣೇಲಿ ಸ್ವಂತ ಲ್ಯಾಬು, ಪ್ಲಾನ್ ಬಿ ರಿಸರ್ಚ್ ಅಡ್ಮಿನಿಸ್ಟ್ರೇಷನ್. ಭಾನುವಾರ ಅಮ್ಮನಿಗೆ ಎರಡೂ ಓದಿ ಹೇಳ್ದೆ, ಬಿ ಅಂದ್ರೆ ಏನು ಅಂತ ಎರಡೆರಡು ಸಲ ಬಿಡಿಸಿ ಕೇಳ್ಕೊಂಡ್ರು, ಆಮೇಲೆ ಅಪ್ಪಂಗೂ ಹೇಳು ಅಂತ ಫೋನ್ ಕೊಟ್ರು.